ಗೂಡು ಕಾರಿನ ಮೂರು ಕಿಂಡಿ

ನವೆಂಬರ್ 12, ಮಂಗಳವಾರ. ಬಿ.ಸಿ.ರೋಡ್

...ಹಾಗಾಗಿ ಆ ಕಿಂಡಿಗಳ ವಿಷಯ ನಿನ್ನೆ ಅರ್ಧಕ್ಕೇ ನಿಂತಿತು. ಪೆನ್ನು ಕೈಕೊಟ್ಟಿತು. ಇವತ್ತು ಪುನಃ ಪಾಣೆಮಂಗಳೂರಿಗೆ ಹೋಗಿ ನೋಡಿ ಬಂದೆ. ಅಝೀಮನ ಗೋದಾಮಿನಲ್ಲಿ ಟರ್ಪಾಲು ಹೊದ್ದು ನಿಂತ ಕಾರು. ಮೂವತ್ತೇಳನೇ ಇಸವಿಯ ಆಸ್ಟಿನ್. ಮುಂದಿನ ಅರ್ಧ ಎಲ್ಲ ಕಾರುಗಳ ಹಾಗೆ—ತಗಡು, ಬಾನೆಟ್, ಎರಡು ದೀಪ. ಹಿಂದಿನ ಅರ್ಧ ಒಂದು ಮರದ ಕೋಣೆ. ಬಲಬದಿಗೆ ಉದ್ದಕ್ಕೆ ಬೆಂಚು. ಅದರ ಎದುರಿಗೆ, ಗಾಜು ಇರಬೇಕಾದಲ್ಲಿ ತೀರಾ ಒತ್ತಾದ ಮರದ ಜಾಲರಿ. ಅಝೀಮನ ಅಜ್ಜ ಹಳೆ ಕಾರು ಕೊಂಡು ಮನೆಯ ಹೆಂಗಸರಿಗೆಂದೇ ಈ ಕೋಣೆ ಮಾಡಿಸಿದ್ದು. ಅವರಿಗೆ ಹೊರಗಿನದ್ದು ಕಾಣಬೇಕು, ಹೊರಗಿನವರಿಗೆ ಅವರು ಕಾಣಬಾರದು. ಬಂಟ್ವಾಳ ಪೇಟೆಯವರು ಇಟ್ಟ ಹೆಸರು ಗೂಡು ಕಾರು.

ಜಾಲರಿಯಲ್ಲಿ ಮೂರು ಕಿಂಡಿ. ಎರಡು ಬೆರಳು ಎತ್ತರ, ಒಂದು ಗೇಣು ಉದ್ದ. ಒಂದೇ ಸಾಲಿನಲ್ಲಿಲ್ಲ. ಒಂದು ಮೇಲೆ, ಒಂದು ನಡುವೆ, ಒಂದು ತೀರಾ ಕೆಳಗೆ. ಕುಡಿದು ಕೊರೆದ ಹಾಗೆ.

ಅಝೀಮ ಸೌದಿಯ ದಮ್ಮಾಮಿನಿಂದ ಬಂದು ವರ್ಷವಾಯಿತು. ಜನವರಿಯಲ್ಲಿ ಮಂಗಳೂರಿನ ಹಳೆ ಕಾರುಗಳ ರ್‍ಯಾಲಿಗೆ ಇದನ್ನು ಇಳಿಸಬೇಕಂತೆ. ಅವರಿಗೆ ಕಾರಿನ ಹಿಸ್ಟರಿ ಬೇಕು, ಒಂದು ಪುಟ, ಇಂಗ್ಲಿಷಿನಲ್ಲಿ.

"ಸರ್, ನೀವು ಆರ್‌ಟಿಓ ಆಫೀಸಲ್ಲಿ ಇದ್ದವರು. ನಿಮಗಲ್ಲದೆ ಯಾರಿಗೆ ಗೊತ್ತಿರ್ತದೆ? ರಿಪೇರಿಯ ಹನೀಫಾ ಹೇಳ್ತಾನೆ, ಈ ಮರ ಅಜ್ಜ ಮಾಡಿಸಿದ್ದಲ್ಲ, ಆಮೇಲೆ ಯಾರೋ ತೇಪೆ ಹಾಕಿದ್ದು, ಕೊಯ್ದು ತಗಡು ಕೂರಿಸುವ ಅಂತ. ನೀವು ಒರಿಜಿನಲ್ ಅಂತ ಬರೆದರೆ ಇಡುವ. ಅಲ್ಲ ಅಂತಾದರೆ ಕೊಯ್ಸುವ."

"ನೋಡುವ" ಎಂದೆ.

"ಅಜ್ಜಿಯನ್ನೊಮ್ಮೆ ಕೇಳ್ತೀರಾ? ಈ ಕಾರಲ್ಲಿ ಹೋದವರು ಈಗ ಅವರೊಬ್ಬರೇ ಇರುವುದು."

ಅದಕ್ಕೂ "ನೋಡುವ" ಎಂದೆ. ಒಳಗೆ ಕುಳಿತು ಹೋದವರಿಗೆ ಬಾಡಿಯ ಟೆಕ್ನಿಕಲ್ ವಿಷಯ ಏನು ಗೊತ್ತು.

ನವೆಂಬರ್ 13. ಬೆಳಿಗ್ಗೆ

ನಿದ್ದೆ ಸರಿ ಬರಲಿಲ್ಲ. ಬರೆಯಬೇಕಾದ್ದನ್ನು ಬರೆಯದೆ ಕಾರಿನ ಉದ್ದಗಲ ಬರೆಯುತ್ತಿದ್ದೇನೆ.

ಎಂಬತ್ತೆಂಟನೇ ಇಸವಿ. ನನಗೆ ಪ್ರಮೋಶನ್ ಆಗಿ ಆಫೀಸಿನವರನ್ನು ಊಟಕ್ಕೆ ಕರೆದ ದಿನ. ಎಲೆಯ ಮುಂದೆ ಹಳೆ ಕಾರುಗಳ ಮಾತು ಬಂತು. ಯಾರೋ ಗೂಡು ಕಾರಿನ ಹೆಸರು ಎತ್ತಿದರು. ಬಡಿಸುತ್ತಿದ್ದ ನನ್ನ ಹೆಂಡತಿ ಪದ್ಮಾಕ್ಷಿ ಸೌಟು ಹಿಡಿದಲ್ಲೇ ಹೇಳಿದಳು: "ಅದು ನನ್ನ ಅಪ್ಪ ಕಟ್ಟಿದ್ದು. ಅಳತೆ ತೆಗೆದದ್ದು ನಾನು. ಏಳು ವರ್ಷ ಆಗ ನನಗೆ."

ನಾನು ಹೇಳಿದೆ: "ನೋಡಿ, ಮನೆಯಲ್ಲೇ ಇಂಜಿನಿಯರಮ್ಮ ಇದ್ದಾರೆ! ಸಾಹೇಬರಿಗೆ ಹೇಳಿ ಒಂದು ಪೋಸ್ಟಿಂಗ್ ಕೊಡಿಸುವ."

ಎಲ್ಲರೂ ನಕ್ಕರು. ಅವಳೂ ನಕ್ಕಳೆಂದು ನೆನಪು. ಅಥವಾ ಪಾಯಸ ತರಲು ಒಳಗೆ ಹೋದಳು. ಎರಡರಲ್ಲಿ ಒಂದು.

ಆಫೀಸಿನಲ್ಲಿ ನಾನು ಬರೀ ಧರ್ಣಪ್ಪ. ಹೆಸರಿನ ಕೊನೆಯ ಆಚಾರಿಯನ್ನು ಕಾಲೇಜಿಗೆ ಹೋಗುವಾಗಲೇ ಕೈಬಿಟ್ಟಿದ್ದೆ. ಮಾವ ಉಳಿ ಹಿಡಿದವರು ಎಂಬುದು ಆ ಊಟದ ದಿನದವರೆಗೆ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೇ ಅಷ್ಟು ಬೇಗ ನಗಿಸಿದ್ದು. ಇಂಜಿನಿಯರಮ್ಮ ಎಂಬ ಹೆಸರು ಅವಳಿಗೆ ಅಂಟಿತು. ಮನೆಯಲ್ಲೂ ಕರೆದಿದ್ದೇನೆ, ಎಷ್ಟೋ ಸಲ. ಅವಳು ಕಾರಿನ ಮಾತನ್ನು ಮತ್ತೆ ಎತ್ತಲಿಲ್ಲ. ಎರಡು ವರ್ಷದ ಹಿಂದೆ ಹೋದಳು. ಆಸ್ಪತ್ರೆಯ ಕೊನೆಯ ವಾರದಲ್ಲಿ ಏನೇನೋ ಹೇಳಿದಳು, ಇದನ್ನು ಮಾತ್ರ ಹೇಳಲಿಲ್ಲ.

ಈಗ ಜಾಲರಿ ಮಾವನದ್ದೇ ಎಂದಾದರೆ ಅವಳು ಹೇಳಿದ್ದು ನಿಜ. ಆಗ ನಾನು ಯಾರು... ಅಲ್ಲ ಎಂದಾದರೆ ಅದು ಮಕ್ಕಳ ಕತೆ. ನಗುವಂಥದ್ದೇ.

ಅಲ್ಲ ಎಂದಾಗಲಿ ಅಂತ ಮನಸ್ಸಿನಲ್ಲಿ ಉಂಟು. ಬರೆದಿಡುತ್ತೇನೆ, ಸುಳ್ಳು ಯಾಕೆ.

ನವೆಂಬರ್ 18, ಸೋಮವಾರ

ಮೂಡುಬಿದಿರೆ. ಬಸ್ಸಿನಲ್ಲಿ ಸಿದ್ಧಕಟ್ಟೆಯವರೆಗೆ ನಿಂತೇ ಹೋದೆ. ಒಬ್ಬಳು ಕಾಲೇಜು ಹುಡುಗಿ ಎದ್ದು ಜಾಗ ಕೊಟ್ಟಳು, "ಥ್ಯಾಂಕ್ಯೂ, ಐ ಯಾಮ್ ಆಬ್ಲೈಜ್ಡ್" ಎಂದೆ. ಹಿಂದಿನ ಸೀಟಿನವರು ತಿರುಗಿ ನೋಡಿದರು. ನಮ್ಮ ಇಂಗ್ಲಿಷ್ ಲೆಕ್ಚರರ್ ಕಲಿಸಿದ್ದರಲ್ಲಿ ಉಳಿದದ್ದು ಇಂಥ ನಾಲ್ಕು ಮಾತು.

ಮಾವ ಸುಬ್ಬಯ್ಯ ಆಚಾರಿಯವರ ಮರಗೆಲಸದ ಕೊಟ್ಟಿಗೆ ಇದ್ದಲ್ಲಿ ಈಗ ಮೊಬೈಲ್ ಅಂಗಡಿ. ಕಾಗದ ಪತ್ರ ಏನೂ ಇಲ್ಲ. ಅವರಿಗೆ ಬರೆಯಲು ಬರುತ್ತಿರಲಿಲ್ಲ, ಕಾಗದ ಎಲ್ಲಿಂದ. ಬಸದಿಯ ಹಿಂದಿನ ಬೀದಿಯಲ್ಲಿ ಅವರು ಮಾಡಿದ ಬಾಗಿಲಿರುವ ಮನೆ ಒಂದಿದೆ. ಕೇಳಿಕೊಂಡು ಒಳಗೆ ಹೋದೆ. ಮನೆಯಾಕೆ ಬಾಗಿಲನ್ನು ಸೆರಗಿನಿಂದ ಒರೆಸಿ ತೋರಿಸಿದರು.

"ಅರುವತ್ತು ವರ್ಷ ಆಯ್ತು. ಎಲ್ಲಿಯಾದರೂ ಒಂದು ಕೂದಲಿನಷ್ಟು ಓರೆ ಉಂಟಾ ನೋಡಿ. ಅವರ ಕೈ ಅಂದರೆ ಹಾಗೆ."

ನೋಡಿದೆ. ಕೈಯಾಡಿಸಿದೆ. ಇಲ್ಲ. ಈ ಕೈ ಆ ಮೂರು ಕಿಂಡಿಗಳನ್ನು ಕೊರೆದದ್ದಲ್ಲ. ಕೊರೆಯಲು ಸಾಧ್ಯವೇ ಇಲ್ಲ.

ಬರುವಾಗ ಬಸ್ಸಿನಲ್ಲಿ ಮೈ ಹಗುರ. ಊಟದ ರುಚಿಯೂ ಬಂತು.

ನವೆಂಬರ್ 21

ಕಾರಿನ ಹಿಸ್ಟರಿಯ ಪೇಪರ್ ಮುಗಿಯಿತು. ಮೂರು ಸಲ ಬರೆದೆ. ಕೊನೆಯ ಸಾಲುಗಳು ಕನ್ನಡದಲ್ಲಿ ಹೇಳುವುದಾದರೆ: ಹಿಂಬದಿಯ ಮರದ ಭಾಗ ಕೀಳು ದರ್ಜೆಯ ಕೆಲಸ, ಕಿಂಡಿಗಳಲ್ಲಿ ಸಿಮೆಟ್ರಿ ಇಲ್ಲ, ಆಮೇಲೆ ಸೇರಿಸಿದ್ದೆಂದು ಅಭಿಪ್ರಾಯ, ತೆಗೆಯಬಹುದು. ಕೆಳಗೆ ಸಹಿ. ರಿಟೈರ್ಡ್ ಎಂದೂ ಹಾಕಿದೆ.

ಅಝೀಮ ಓದಿ, "ಇನ್‌ಫೀರಿಯರ್ ವರ್ಕ್‌ಮನ್‌ಶಿಪ್! ಏನು ಇಂಗ್ಲಿಷ್ ಸರ್, ಕಾರಿಗೇ ಮರ್ಯಾದೆ ಬಂತು" ಎಂದ.

ಅಝೀಮನ ಅಜ್ಜಿ ಬೀಯಮ್ಮನವರನ್ನು ಕೇಳುವುದು ಮರೆತೇ ಹೋಯಿತು. ಮರೆತದ್ದೋ...

ನವೆಂಬರ್ 27

ದವಡೆ ಹಲ್ಲಿನ ನೋವು. ಗಂಜಿ ಮಾತ್ರ. ಅಝೀಮನ ಫೋನ್—ಕಾರು ಬೆಳ್ತಂಗಡಿಗೆ, ಹನೀಫಾನ ವರ್ಕ್‌ಶಾಪಿಗೆ ಹೋಯಿತಂತೆ.

ಡಿಸೆಂಬರ್ 2, ಸೋಮವಾರ. ಮಧ್ಯಾಹ್ನ ಮೇಲೆ

ಅಂಗಿ ಕೂಡ ಬಿಚ್ಚದೆ ಬರೆಯಲು ಕೂತಿದ್ದೇನೆ. ಅಕ್ಷರ ಹೇಗಾದರೂ ಇರಲಿ.

ಬೆಳಿಗ್ಗೆ ಅಝೀಮ ಬಂದು ಕರೆದುಕೊಂಡು ಹೋದ. "ಅಜ್ಜಿಗೆ ಕಾರಿನ ಮರ ಕೊಯ್ಯುವ ವಿಷಯ ಗೊತ್ತಾಗಿದೆ ಸರ್, ಎರಡು ದಿನದಿಂದ ನನ್ನ ಹತ್ರ ಮಾತಿಲ್ಲ. ಬರೆದವರನ್ನು ಕರ್ಕೊಂಡು ಬಾ ಅಂತ ಒಂದೇ ಹಟ."

ಬೀಯಮ್ಮನವರಿಗೆ ಎಂಬತ್ತೈದು. ಕುರ್ಚಿಯಲ್ಲಿ ಕುಳಿತರೆ ಕಾಲು ನೆಲಕ್ಕೆ ಎಟುಕುವುದಿಲ್ಲ, ಅಷ್ಟು ಗಿಡ್ಡ. ನನಗೆ ಕೂರಲು ಹೇಳಲಿಲ್ಲ.

"ಓರೆ ಅಂತ ಬರೆದದ್ದು ನೀವಾ?"

"ಹೌದಮ್ಮ. ಕಿಂಡಿಗಳು ಒಂದೇ ಸಮ ಇಲ್ಲ, ಹಾಗಾಗಿ—"

"ನಾವು ಒಂದೇ ಸಮ ಇದ್ದೆವಾ? ಮೇಲಿನದ್ದು ನಮ್ಮ ಅತ್ತೆ, ತೆಂಗಿನ ಮರದ ಹಾಗೆ ಇದ್ದರು. ನಡುವಿನದ್ದು ನಾದಿನಿ ರುಕಿಯಾ. ಕೆಳಗಿನದ್ದು ನಾನು. ಮದುವೆಯಾಗಿ ಬಂದ ವರ್ಷ. ಯಾರ ಕಣ್ಣು ಎಲ್ಲಿಗೆ ಬರ್ತದೋ ಅಲ್ಲಿಗೆ ಕಿಂಡಿ. ಒಂದೇ ಸಾಲಿಗೆ ಇಟ್ಟಿದ್ದರೆ ನಾನು ಬಂಟ್ವಾಳದಿಂದ ಕನ್ಯಾನದವರೆಗೆ ಮರ ನೋಡಿಕೊಂಡು ಹೋಗಬೇಕಿತ್ತು. ಅದಾ ನಿಮ್ಮ ಸಮ?"

ಅಝೀಮ ನಗಲು ಹೋದ. ಅಜ್ಜಿ ಕೈಯೆತ್ತಿ ತಡೆದು ಮುಂದುವರಿಸಿದರು.

"ಆಚಾರಿ ನಮ್ಮನ್ನು ನೋಡುವ ಹಾಗಿಲ್ಲ, ಒಳಗೆ ಬರುವ ಹಾಗಿಲ್ಲ. ಅವ ಅಂಗಳದಲ್ಲಿ ಕೂತ. ಮಗಳನ್ನು ಒಳಗೆ ಕಳಿಸಿದ, ಕೈಯಲ್ಲಿ ಒಂದು ನೂಲುಂಡೆ ಕೊಟ್ಟು. ಇಷ್ಟು ಸಣ್ಣ ಹುಡುಗಿ, ಸುರಿಯುವ ಮೂಗು. ನಮ್ಮನ್ನು ಮಂಚದಲ್ಲಿ ಸಾಲಾಗಿ ಕೂರಿಸಿದಳು. ಮಂಚದಿಂದ ಕಣ್ಣಿನವರೆಗೆ ನೂಲು ಹಿಡಿದು ಒಂದು ಗಂಟು. ಒಬ್ಬೊಬ್ಬರಿಗೆ ಒಂದೊಂದು ನೂಲು. ಅತ್ತೆ ಸ್ವಲ್ಪ ಕತ್ತು ಎತ್ತಿದ್ದಕ್ಕೆ, 'ನೀವು ಕಾರಲ್ಲಿಯೂ ಹೀಗೇ ಕೂರುವುದಾ? ಸರಿ ಕೂತ್ಕೊಳ್ಳಿ' ಅಂತ ಜೋರು ಮಾಡಿದಳು. ನಮ್ಮ ಅತ್ತೆಗೆ! ನಾನು ಆ ಮನೆಗೆ ಬಂದ ಮೇಲೆ ಮೊದಲ ಸಲ ಬಾಯಿಬಿಟ್ಟು ನಕ್ಕದ್ದು ಅವತ್ತು." ತಲೆಯ ಬಟ್ಟೆ ಸರಿ ಮಾಡಿಕೊಂಡು ನನ್ನ ಕಡೆ ತಿರುಗಿದರು. "ಮೂಡುಬಿದಿರೆಯ ಆಚಾರಿ. ಹುಡುಗಿಯ ಹೆಸರು ಪದ್ಮ ಅಂತ ಏನೋ. ನೀವು ಊರೆಲ್ಲ ವಿಚಾರಿಸಿದವರಲ್ವಾ, ಅವಳು ಎಲ್ಲಿದ್ದಾಳೆ ಅಂತ ಗೊತ್ತುಂಟಾ?"

"ಇಲ್ಲಮ್ಮ" ಎಂದೆ.

ಇಲ್ಲಮ್ಮ ಎಂದೆ. ಬಾಯಿಯಿಂದ ಅದೇ ಬಂತು. ಅಲ್ಲಿ ನಗಲು ಸಾಹೇಬರಿರಲಿಲ್ಲ, ಆಫೀಸಿನವರಿರಲಿಲ್ಲ. ಆದರೂ.

ಡಿಸೆಂಬರ್ 3

ಮೊದಲ ಬಸ್ಸಿಗೆ ಬೆಳ್ತಂಗಡಿ. ವರ್ಕ್‌ಶಾಪ್ ಮುಂಡಾಜೆಗೆ ಹೋಗುವ ರಸ್ತೆಯಲ್ಲಿ. ನನ್ನ ಪೇಪರನ್ನು ಹನೀಫಾ ಗೋಡೆಗೆ ಅಂಟಿಸಿದ್ದಾನೆ, ಗ್ರೀಸಿನ ಬೆರಳಚ್ಚು ಸಮೇತ.

ಕಾರಿನ ಹಿಂದಿನ ಅರ್ಧ ಇಲ್ಲ. ಚಾಸಿಸ್ ಮೇಲೆ ಕಬ್ಬಿಣದ ಫ್ರೇಮ್ ಎದ್ದಿದೆ.

"ಶನಿವಾರ ಕೊಯ್ದೆವು ಸರ್. ನಿಮ್ಮ ಪೇಪರ್ ಬಂತಲ್ಲ, ಮತ್ತೆ ಯಾಕೆ ತಡ ಮಾಡುವುದು ಅಂತ."

"ಮರ ಎಲ್ಲಿ?"

"ಗೆದ್ದಲು ಹಿಡಿದಿತ್ತು ಮಾರಾಯ್ರೆ. ಹೋಟೆಲಿನವರು ಒಲೆಗೆ ಅಂತ ಹೊತ್ತುಕೊಂಡು ಹೋದ್ರು." ನನ್ನ ಮುಖ ನೋಡಿ ಅವನ ದನಿ ಇಳಿಯಿತು. "ಬೇಕಿತ್ತಾ? ಒಂದು ತುಂಡು ಉಂಟು ನೋಡಿ. ಇದಕ್ಕೆ ಗೆದ್ದಲಿಲ್ಲ, ಒಳ್ಳೆ ಹಲಸು. ಚಕ್ರ ಜಾರದ ಹಾಗೆ ಅಡ್ಡ ಇಟ್ಟದ್ದು."

ಬಗ್ಗಿ ಎಳೆದು ಕೊಟ್ಟ. ಕೆಳಗಿನ ಕಿಂಡಿ. ಬೀಯಮ್ಮನವರದ್ದು. ಒಂದು ಅಂಚು ಜಜ್ಜಿ ಹೋಗಿದೆ. ಕೊರೆದ ಅಂಚಿಗೆ ಬೆರಳು ಹಾಕಿ ನೋಡಿದೆ, ಒಂದು ಕೂದಲಿನಷ್ಟು ಓರೆ ಇಲ್ಲ. ಮೊದಲ ದಿನವೇ ಹೀಗೆ ಮುಟ್ಟಿ ನೋಡಬಹುದಿತ್ತು. ನಾನು ದೂರ ನಿಂತು ನೋಡಿದವ.

ಅಲ್ಲಿಂದಲೇ ಅಝೀಮನಿಗೆ ಫೋನ್ ಮಾಡಿದೆ. ಪೇಪರ್ ತಪ್ಪು, ಬೇರೆ ಬರೆದು ಕೊಡುತ್ತೇನೆ ಎಂದೆ.

"ರ್‍ಯಾಲಿಯವರಿಗೆ ಕಳಿಸಿ ಆಯ್ತಲ್ಲ ಸರ್. ಇನ್ನು ಕನ್‌ಫ್ಯೂಷನ್ ಬೇಡ. ಮರವೂ ಹೋಯ್ತು. ಬಿಡುವ."

"ಬಿಡುವ ಹಾಗಿಲ್ಲ."

"ಹಾಗಾದರೆ ಮೊದಲು ಅಜ್ಜಿಯ ಹತ್ರ ಮಾತಾಡಿ. ಅವರು ಸರಿ ಅಂದರೆ ನಾನು ಬದಲಿ ಕಳಿಸ್ತೇನೆ. ಆದ್ರೆ ನಿಮ್ಮ ಹೆಸರೆತ್ತಿದರೆ ಸಿಟ್ಟು ಅವರಿಗೆ, ಹೇಳಿದ್ದೇನೆ."

ಡಿಸೆಂಬರ್ 5, ಗುರುವಾರ. ಪಾಣೆಮಂಗಳೂರು, ಅಝೀಮನ ಜಗಲಿ

ಬಂದು ಮುಕ್ಕಾಲು ಗಂಟೆಯಾಯಿತು. ಬೀಯಮ್ಮ ಮಲಗಿದ್ದರಂತೆ, ಈಗ ನಮಾಜಿಗೆ ಕೂತಿದ್ದಾರೆ. ಡೈರಿ ಚೀಲದಲ್ಲಿತ್ತು, ಬರೆಯುತ್ತಾ ಕೂತಿದ್ದೇನೆ. ಮರದ ತುಂಡನ್ನು ಹೆಗಲ ಮೇಲಿನ ಬೈರಾಸಿನಲ್ಲಿ ಸುತ್ತಿ ತಂದಿದ್ದೇನೆ, ಪಕ್ಕದಲ್ಲಿ ಉಂಟು.

ಹೊಸ ಪೇಪರ್ ನಿನ್ನೆ ಬರೆದದ್ದು. ಈ ಸಲ ಇಂಗ್ಲಿಷ್ ಸಾಕಾಗಲಿಲ್ಲ, ಕನ್ನಡದಲ್ಲೇ ಬರೆದೆ. ರ್‍ಯಾಲಿಯವರು ಯಾರ ಹತ್ತಿರವಾದರೂ ಓದಿಸಿಕೊಳ್ಳಲಿ. ಕಟ್ಟಿದವರು ಮೂಡುಬಿದಿರೆಯ ಸುಬ್ಬಯ್ಯ ಆಚಾರಿ, ಸಾವಿರದ ಒಂಬೈನೂರ ಐವತ್ತೇಳು. ಅಳತೆ ತೆಗೆದವಳು ಅವರ ಮಗಳು ಪದ್ಮಾಕ್ಷಿ, ವಯಸ್ಸು ಏಳು. ಕಿಂಡಿಗಳು ಎತ್ತರ ತಗ್ಗು ಇದ್ದದ್ದು ತಪ್ಪಿನಿಂದಲ್ಲ. ಈ ಮೊದಲು ಬೇರೆ ರೀತಿ ಬರೆದವನು, ಮರ ಕೊಯ್ಯಲು ಕಾರಣನಾದವನು ಕೆಳಗೆ ಸಹಿ ಮಾಡಿದ ಧರ್ಣಪ್ಪ ಆಚಾರಿ, ಮೇಲೆ ಹೇಳಿದ ಪದ್ಮಾಕ್ಷಿಯ ಗಂಡ.

ಗಂಡ ಎಂಬಲ್ಲಿ ತುಂಬಾ ಹೊತ್ತು ನಿಂತೆ. ಬರೆಯುವುದಾದರೂ ಸುಲಭ. ಪೇಪರ್ ಏನೂ ಕೇಳುವುದಿಲ್ಲ. ಬೀಯಮ್ಮ ಕೇಳುತ್ತಾರೆ—ಮೊನ್ನೆ ಯಾಕೆ ಇಲ್ಲ ಅಂದಿರಿ? ಎಲ್ಲಿ ಅವಳು? ಈ ಕಾರಿನ ಮಾತು ಮನೆಯಲ್ಲಿ ಹೇಳುತ್ತಿದ್ದಳಾ?

ಹೇಳಿದ್ದಳು, ಒಂದು ಸಲ.

ಅಝೀಮನ ಹೆಂಡತಿ ಜುವೈರಿಯಾ ಚಹಾ ಇಟ್ಟು ಹೋದಳು. ಹೋಗುವಾಗ ಹೇಳಿದಳು, "ಅಜ್ಜಿಗೆ ಕಣ್ಣಿನ ಪೊರೆ ಸರ್. ಹಗಲು ಹೊತ್ತು ಮುಖ ಕಾಣ್ತದೆ, ಸಂಜೆ ಮೇಲೆ ದನಿಯಲ್ಲಿ ಮಾತ್ರ ಗುರುತು. ಬೇಕಾದ್ರೆ ನಾಳೆ ಬೆಳಿಗ್ಗೆ ಬನ್ನಿ."

ನಾಳೆ ಎಂದರೆ ನಾನು ಬರುವವನಲ್ಲ. ನನ್ನ ಪರಿಚಯ ನನಗುಂಟು.

ಚಹಾ ಆರಿತು. ಒಳಗೆ ಚಾಪೆ ಮಡಚಿದ ಸದ್ದು, ಕೋಲಿನ ಸದ್ದು. ಅಂಗಳದ ಬೆಳಕು ಹೋಗುತ್ತಾ ಉಂಟು, ಈ ಸಾಲೇ ನನಗೆ ಸರಿ ಕಾಣುವುದಿಲ್ಲ. ಅವರಿಗೆ ನನ್ನ ಮುಖ ಕಾಣುವಾಗಲೇ ಹೇಳಬೇಕು. ಏಳುತ್ತೇನೆ—