ಮೂರನೇ ಕಂಬದ ರಿಂಗುಗಳು

ಕುರೊತಾನಿ
ಮೇ ೯, ೧೯೯೬

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆರಳಿನ ಗಾಯ ಒಣಗಿತೇ? ಉಪ್ಪುನೀರಿನಲ್ಲಿ ಅದನ್ನು ಒದ್ದೆ ಮಾಡಿಕೊಳ್ಳಬೇಡ ಎಂದರೆ ಟ್ಯೂನಾ ಮೀನು ಹಿಡಿಯುವವನು ನೀನು, ನಗುತ್ತೀಯೆಂದು ಗೊತ್ತು. ಹಡಗು ಕೇಪ್‌ಟೌನ್ ಮುಟ್ಟುವ ಮೊದಲೇ ಈ ಕಾಗದ ಅಲ್ಲಿರಲಿ ಎಂದು ಕಚೇರಿಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಅಪ್ಪ, ಅಮ್ಮ, ನಾನು ಮೂವರೂ ಬದುಕಿದ್ದೇವೆ. ಅದನ್ನು ಮೊದಲು ಓದಿಕೋ.

ಕಳೆದ ಗುರುವಾರ ಬೆಳಿಗ್ಗೆ ಭೂಮಿ ನಡುಗಿತು. ಅರ್ಧ ಗಂಟೆಯೊಳಗೆ ನಾನು ಹೆದ್ದಾರಿ ಸೇತುವೆಯ ಕೆಳಗಿದ್ದೆ. ಸೇತುವೆ ತಪಾಸಣೆಯವಳಿಗೆ ಅಂಥ ಹೊತ್ತಿನಲ್ಲಿ ಬೇರೆ ಜಾಗವಿಲ್ಲ. ಕಣಿವೆಯ ನಡುವಿನ ಎತ್ತರದ ಕಂಬಗಳು ಬಿದಿರಿನ ಹಾಗೆ ತೂಗಾಡಿ, ತೂಗಾಡಿ, ಸುಮ್ಮನೆ ನಿಂತಿದ್ದವು. ಕಚೇರಿ ಇರುವ ಈಚೆ ದಡದ ಹತ್ತಿರದ ಮೂರನೆಯದು ಗಿಡ್ಡ ಕಂಬ, ಬಾಗುವುದು ಅದಕ್ಕೆ ಗೊತ್ತಿಲ್ಲ. ಹೊಡೆತವನ್ನೆಲ್ಲ ಅದೇ ನುಂಗಿ ಅಡ್ಡಡ್ಡ ಸೀಳಿತ್ತು. ಮೇಲಿನ ರಸ್ತೆಯ ಹಾಸು ಜಾರಿ, ಕಂಬದ ತಲೆಯ ಮೇಲೆ ಒಂದು ಗೇಣು ಮಾತ್ರ ಕೂತಿತ್ತು. ಈ ಕಂಬಗಳಿಗೆ ಉಕ್ಕಿನ ಕವಚ ಹಾಕಿಸಿ ಎಂದು ನಾನು ಬರೆದ ವರದಿಗೆ ನಾಲ್ಕು ವರ್ಷವಾಗಿತ್ತು, ಸರದಿ ಬಂದಿರಲಿಲ್ಲ. ಎರಡೂ ತುದಿಗೆ ಅಡ್ಡಗಟ್ಟೆ, ಅಪಾಯದ ಬೋರ್ಡು ಹಾಕಿಸಿದೆ.

ಮರುದಿನ ಅಮ್ಮನ ಡಯಾಲಿಸಿಸ್ ದಿನ. ಮನೆ ಆಚೆ ದಡದಲ್ಲಿ, ಆಸ್ಪತ್ರೆ ಈಚೆ. ಬೇರೆ ರಸ್ತೆ ಗುಡ್ಡ ಕುಸಿದು ಮುಚ್ಚಿತ್ತು. ಮಂಜಿನಿಂದ ಹೆಲಿಕಾಪ್ಟರ್ ಇಳಿಯಲಾಗದೆ ಎರಡು ಸಲ ವಾಪಸು ಹೋಯಿತು. ಶನಿವಾರ ಮಧ್ಯಾಹ್ನದ ಹೊತ್ತಿಗೆ ಅಮ್ಮನ ಮುಖ ಊದಿ, ಉಸಿರು ಮೇಲೆ ಮೇಲೆ ಬರುತ್ತಿತ್ತಂತೆ. ಅಪ್ಪ ಅವಳನ್ನು ಬೆನ್ನಿಗೆ ಕಟ್ಟಿಕೊಂಡು ಅಡ್ಡಗಟ್ಟೆ ದಾಟಿದರು. ಎಪ್ಪತ್ತೊಂದು ವರ್ಷದ ಮುದುಕ! ನಾನು ಈಚೆ ತುದಿಯಿಂದ ಧ್ವನಿವರ್ಧಕದಲ್ಲಿ ಕೂಗಿದೆ: “ಅಪ್ಪಾ, ವಾಪಸ್ ಹೋಗಿ! ಹಾಸು ನಿಲ್ಲಲ್ಲ!” ಅವರು ನಿಲ್ಲದೆಯೇ ಕೂಗಿದರು: “ಬಾಯ್ಮುಚ್ಚೇ! ನಾನು ಕಟ್ಟಿದ ಸೇತುವೆ ಕಣೇ ಇದು, ನಿನ್ನ ಬೋರ್ಡಿಗೆ ಹೆದರಿ ಬೀಳುತ್ತಾ?”

ಅರ್ಧ ದಾರಿಯಲ್ಲಿ ಮತ್ತೆ ನಡುಗಿತು. ಅಪ್ಪ ರಸ್ತೆಯ ನಡುವೆ ಕುಕ್ಕರಿಸಿದರು. ನಾನು ಓಡಹೊರಟೆ, ಪೊಲೀಸಿನ ಮೊರಿಕಾವಾ ಸೊಂಟ ಹಿಡಿದು ಎಳೆದ. “ನೀವೂ ಹೋದರೆ ಭಾರ ಹೆಚ್ಚುತ್ತೆ ಅಂತ ನೀವೇ ಹೇಳಿದ್ದಲ್ವಾ ಅಕ್ಕಾ?” ಎಂದ. ಹೇಳಿದ್ದು ನಾನೇ. ಹದಿನೆಂಟು ವರ್ಷ ಕಲಿತ ಲೆಕ್ಕವೆಲ್ಲ ನನಗೆ ಅಂದು ಕೊಟ್ಟದ್ದು ಇಷ್ಟೇ: ಎಲ್ಲಿ ಮುರಿಯುತ್ತದೆಂದು ಗೊತ್ತು, ಯಾವಾಗ ಎಂದು ಗೊತ್ತಿಲ್ಲ. ಕೊನೆಗೆ ಅಪ್ಪ ಎದ್ದರು. ಆ ಒಂದು ಗೇಣಿನ ಮೇಲೆ ಕಾಲಿಟ್ಟು ಈಚೆ ಬಂದರು. ಅಮ್ಮನನ್ನು ಆಂಬುಲೆನ್ಸಿಗೆ ಇಳಿಸಿ, “ಬಿತ್ತೇನೇ, ಇಂಜಿನಿಯರಮ್ಮಾ?” ಎಂದು ನನ್ನ ಹೆಲ್ಮೆಟ್ಟಿಗೆ ಕುಟ್ಟಿದರು. ನಾನು ಅಲ್ಲೇ ಕೂತು ಅತ್ತುಬಿಟ್ಟೆ.

ಅಮ್ಮ ಈಗ ಆಸ್ಪತ್ರೆಯಲ್ಲೇ ಇದ್ದಾಳೆ. ಉಪ್ಪಿನಕಾಯಿ ಕೊಡುವುದಿಲ್ಲವೆಂದು ನರ್ಸುಗಳ ಮೇಲೆ ಮುನಿಸು. ನಿನಗೆ ಆಶೀರ್ವಾದ ಹೇಳಿದ್ದಾಳೆ, ಡೆಕ್ಕಿನ ಅಂಚಿನಲ್ಲಿ ನಿಲ್ಲಬೇಡ ಎಂದೂ.

ನಿನ್ನ ತಂಗಿ,
ಚಿಝುರು

ತಾ.ಕ.: ಅಂಚೆಯವನು ಕಾಯುತ್ತಿದ್ದಾನೆ. ಸೋಮವಾರ ಆ ಹಾಸು ಬಿತ್ತು. ಯಾರೂ ಇರಲಿಲ್ಲ. ಅಪ್ಪ ನೋಡಲು ಬಂದರು. ಕಂಬದ ಕಾಂಕ್ರೀಟು ಉದುರಿ ಒಳಗಿನ ಸರಳು ಕಾಣುತ್ತಿತ್ತು; ಸುತ್ತ ಕಟ್ಟಿದ ರಿಂಗುಗಳು ಅಡಿಗೊಂದು, ಅಷ್ಟು ದೂರ ದೂರ. ಒತ್ತೊತ್ತಾಗಿ ಇದ್ದಿದ್ದರೆ ಕಂಬ ಹಾಗೆ ಸೀಳುತ್ತಿರಲಿಲ್ಲ. ಆಗ ಇಲ್ಲಿ ಸರಳು ಕಟ್ಟುವ ಕೆಲಸಕ್ಕಿದ್ದ ಅಪ್ಪ ಅದನ್ನು ಮುಟ್ಟಿ, “ಇದನ್ನ ಕಟ್ಟಿದ್ದು ನಾನೇ” ಎಂದರು. ಆ ಕಾಲದ ನಿಯಮವೇ ಅಷ್ಟಿತ್ತು ಎಂದು ಹಳೆಯ ನಕ್ಷೆ ತಂದು ತೋರಿಸಿದೆ. “ನೀನು ಮಗಳು, ಇನ್ನೇನು ಹೇಳ್ತೀಯ” ಎಂದರು. ಆಮೇಲೆ ಮಾತಿಲ್ಲ, ಊಟ ಅರ್ಧಕ್ಕೆ ಬಿಡುತ್ತಾರೆ. ದಡ ಮುಟ್ಟಿದ ಕೂಡಲೇ ಫೋನ್ ಮಾಡು ಅಣ್ಣಾ. ಅಪ್ಪನಿಗೆ “ನಿಮ್ಮದೇನೂ ತಪ್ಪಿಲ್ಲ” ಎಂದು ಮಾತ್ರ ಹೇಳಬೇಡ, ಅದನ್ನು ನಾನು ಹೇಳಿ ಹೇಳಿ ಕೆಡಿಸಿಯಾಗಿದೆ. ಅವರು ಬಾಯಿ ತೆರೆದರೆ ಕೊನೆತನಕ ಕೇಳಿಸಿಕೋ, ಸಾಕು.