ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ಟನ್ನು ಮತ್ತೆ ಗೂಟಕ್ಕೆ ತೂಗುಹಾಕಬೇಡಿ

ಮಾನ್ಯರೇ,

ಹಳೇ ಕಲ್ಲುಕ್ವಾರಿಯ ಸೈಕಲ್ ಹಾದಿಯ ಉಸ್ತುವಾರಿ ಹೊತ್ತಿರುವ ತಮಗೆ ಈ ಪತ್ರ. ತಮ್ಮ ತಗಡಿನ ಶೆಡ್ಡಿನಲ್ಲಿ ಸಾಲಾಗಿ ತೂಗುತ್ತಿರುವ ಹಸಿರು ಹೆಲ್ಮೆಟ್‌ಗಳಲ್ಲಿ ಹಲವು ಒಳಗೆ ಒಡೆದಿವೆ. ಹೊರಗಿನ ಬಣ್ಣ ಮಾತ್ರ ಹೊಸದು. ಬರುವ ಭಾನುವಾರ ಅವನ್ನು ಶಾಲಾ ಮಕ್ಕಳ ತಲೆಗೆ ಹಾಕಲು ತಾವು ಹೊರಟಿದ್ದೀರಿ. ಪೆಟ್ಟು ತಿಂದ ಹೆಲ್ಮೆಟ್ ಬದಲಾಯಿಸಿ ಎಂದು ತಮ್ಮ ಕಚೇರಿಗೆ ಬಂದು ಹೇಳಿದೆ, ತಾವು ಚಹಾ ಕೊಟ್ಟಿರಿ. ಬರೆದು ಕೊಟ್ಟೆ, ಉತ್ತರವಿಲ್ಲ. ಆದ್ದರಿಂದ ಈಗ ಪತ್ರಿಕೆಯ ಮೂಲಕ ಊರಿಗೆಲ್ಲ ಕೇಳಿಸುವ ಹಾಗೆ ಹೇಳುತ್ತಿದ್ದೇನೆ. ತಡೆಯಬಹುದಾಗಿದ್ದ ಅನಾಹುತ ಆಗಿಹೋದ ಮೇಲೆ ‘ನಮ್ಮ ಗಮನಕ್ಕೆ ಬಂದಿರಲಿಲ್ಲ’ ಎಂಬ ಮಾತು ತಮ್ಮ ಬಾಯಿಂದ ಬರಬಾರದು ನೋಡಿ.

ನಾನು ತ್ಯಾಗರಾಜನಗರದ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್. ಬಿಡುವಿನ ದಿನಗಳಲ್ಲಿ ಮೌಂಟೇನ್ ಬೈಕ್ ತುಳಿಯುವ ಹುಚ್ಚು ಹಲವು ವರ್ಷಗಳಿಂದ ಇದೆ. ಡಾಂಬರು ರಸ್ತೆಯ ಸೈಕಲ್ ಸವಾರಿಯಲ್ಲ ಇದು. ದಪ್ಪ ಟೈರಿನ ಸೈಕಲ್ಲಿನಲ್ಲಿ ಬಂಡೆ ಹತ್ತಿ, ಕೊರಕಲು ಇಳಿದು, ಮರದ ಬೇರುಗಳ ಮೇಲೆ ಕುಕ್ಕಿಸಿಕೊಂಡು ಹೋಗುವ ಆಟ. ಬೀಳುವುದು ಈ ಆಟದಲ್ಲಿ ಇದ್ದದ್ದೇ. ಆದ್ದರಿಂದ ಇಟ್ಟಮಡುವಿನಾಚೆ ಪಾಳುಬಿದ್ದಿದ್ದ ಕ್ವಾರಿಯನ್ನು ಸೈಕಲ್ ಹಾದಿ ಮಾಡುತ್ತಾರಂತೆ ಎಂಬ ಸುದ್ದಿ ಬಂದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ನಾನೇ. ಉದ್ಘಾಟನೆಯ ದಿನ ತಮ್ಮ ಭಾಷಣಕ್ಕೆ ಚಪ್ಪಾಳೆಯನ್ನೂ ತಟ್ಟಿದ್ದೇನೆ. ಅದನ್ನು ಈಗ ಹಿಂತೆಗೆದುಕೊಳ್ಳುವ ವ್ಯವಸ್ಥೆ ಇದ್ದರೆ ದಯವಿಟ್ಟು ತಿಳಿಸಿ.

ಮಧುಮತಿ ನನ್ನ ಗೆಳತಿ. ಕೊಪ್ಪಳದ ಕಡೆಯವಳು, ಬಿ.ಟಿ.ಎಂ. ಬಡಾವಣೆಯಲ್ಲಿ ಒಂದು ಕೋಣೆಯ ಬಾಡಿಗೆ ಮನೆ, ಆಸ್ಪತ್ರೆಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿ ಕೆಲಸ. ದಿನವೆಲ್ಲ ಗಾಜಿನ ಹಿಂದೆ ಕೂತು ಜನರ ಸಿಟ್ಟು ಕೇಳುವವಳಿಗೆ ವಾರಕ್ಕೊಂದು ಸಲ ಗಾಳಿಗೆ ಮುಖವೊಡ್ಡಬೇಕು ಅನ್ನಿಸಿ ಸೆಕೆಂಡ್ ಹ್ಯಾಂಡ್ ಸೈಕಲ್ ಕೊಂಡಿದ್ದಳು. ಬ್ರೇಕ್ ಹಿಡಿಯುವುದು, ಇಳಿಜಾರಿನಲ್ಲಿ ಮೈಯನ್ನು ಹಿಂದಕ್ಕೆ ಒಯ್ಯುವುದು, ಎಲ್ಲ ನಾನೇ ಹೇಳಿಕೊಟ್ಟೆ. ಬೇಗ ಕಲಿತಳು. ಜೋರಾಗಿ ನಗುತ್ತಿದ್ದಳು. ಮೈದಾನದ ಆ ತುದಿಯಿಂದ ಅವಳು ನಕ್ಕರೆ ಈ ತುದಿಯಲ್ಲಿದ್ದವರು ತಿರುಗಿ ನೋಡುತ್ತಿದ್ದರು.

ಕ್ವಾರಿಗೆ ಮೊದಲ ಸಲ ಅವಳನ್ನು ಕರೆದೊಯ್ದ ದಿನ ಅವಳಿಗೆಂದೇ ಒಂದು ಹೊಸ ಹೆಲ್ಮೆಟ್ ಕೊಂಡೊಯ್ದಿದ್ದೆ. ನನ್ನ ತಲೆಯ ಮೇಲೆ ನನ್ನದೇ ಇತ್ತು. ಗೇಟಿನ ಮೇಲ್ವಿಚಾರಕರಾದ ಮುನಿಯಣ್ಣನವರು ಎರಡನ್ನೂ ಹೊರಗಿಡಿಸಿದರು. ಒಳಗೆ ಹೋಗುವವರು ಇಲಾಖೆಯ ಚಿಹ್ನೆಯಿರುವ ಹಸಿರು ಹೆಲ್ಮೆಟ್ಟನ್ನೇ ಹಾಕಿಕೊಳ್ಳಬೇಕು, ಸಾಹೇಬರ ಆದೇಶ ಎಂದರು. ಕಾರಣ ಕೇಳಿದ್ದಕ್ಕೆ ಪಾಪ, ಆ ಮನುಷ್ಯ ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಟ್ಟರು: ಡ್ರೋನ್‌ನಲ್ಲಿ ಫೋಟೋ ತೆಗೆದಾಗ ಎಲ್ಲ ತಲೆಗಳೂ ಒಂದೇ ಬಣ್ಣ ಕಾಣಬೇಕಂತೆ. ಮಾನ್ಯರೇ, ಹೆಲ್ಮೆಟ್ ಇರುವುದು ತಲೆಗೋ, ಡ್ರೋನಿಗೋ? ಈ ಪ್ರಶ್ನೆಯನ್ನು ಅಂದೇ ಕೇಳಿದ್ದೆ. ಮುನಿಯಣ್ಣ ನಕ್ಕು ಗೂಟದಿಂದ ಎರಡು ಹೆಲ್ಮೆಟ್ ತೆಗೆದು, ಕೈಗೆ ಸಿಕ್ಕಿದ್ದನ್ನು ಸಿಕ್ಕವರಿಗೆ ಕೊಟ್ಟರು. ಒಂದು ನನಗೆ, ಒಂದು ಮಧುಮತಿಗೆ. ಅವು ಅದಲುಬದಲಾಗಿದ್ದರೆ ಈ ಪತ್ರವನ್ನು ಅವಳು ಬರೆಯುತ್ತಿದ್ದಳೇನೋ.

ಅಂದು ಅವಳು ಬಿದ್ದದ್ದು ಅಂಥ ಎತ್ತರದಿಂದೇನಲ್ಲ. ಚಪ್ಪಟೆ ಬಂಡೆಯೊಂದರ ಇಳಿಜಾರಿನಲ್ಲಿ ಮುಂದಿನ ಚಕ್ರ ಬಿರುಕಿಗೆ ಸಿಕ್ಕಿತು. ಹ್ಯಾಂಡಲ್ ದಾಟಿ ಮುಂದಕ್ಕೆ ಬಿದ್ದಳು, ತಲೆಯ ಬಲಭಾಗ ಕಲ್ಲಿಗೆ ತಾಗಿತು. ನಾನು ಓಡಿ ಹೋಗುವಷ್ಟರಲ್ಲಿ ಎದ್ದು ಕೂತು ಮಂಡಿಯ ಧೂಳು ಕೊಡವಿಕೊಳ್ಳುತ್ತಿದ್ದಳು. ಏನೂ ಆಗಿಲ್ಲ ಬಿಡು ಎಂದು ನಕ್ಕಳು. ಹೆಲ್ಮೆಟ್ಟಿನ ಮೇಲೆ ಉಗುರಿನಿಂದ ಗೀಚಿದಂಥ ಒಂದು ಗೀರು ಬಿಟ್ಟರೆ ಬೇರೆ ಗುರುತಿರಲಿಲ್ಲ. ಸೈಕಲ್ ತಳ್ಳಿಕೊಂಡು ಗೇಟಿನ ಕಡೆ ನಡೆದೆವು. ದಾರಿಯಲ್ಲಿ ಅವಳು ಕೇಳಿದಳು:

“ಧೃತಿ, ನಾವು ಎಲ್ಲಿಗೆ ಬಂದೀವಿ?”

ತಮಾಷೆ ಅಂದುಕೊಂಡು ಏನೋ ಹೇಳಿದೆ. ತಲೆಯಾಡಿಸಿದಳು. ಹತ್ತು ಹೆಜ್ಜೆ ಹೋದ ಮೇಲೆ ಮತ್ತೆ ಅದೇ ಪ್ರಶ್ನೆ, ಅದೇ ದನಿ, ಈಗಷ್ಟೇ ಹೊಳೆದಂತೆ. ಮತ್ತೆ ಹೇಳಿದೆ. ಮತ್ತೆ ಕೇಳಿದಳು. ಅವಳ ಮುಖದಲ್ಲಿ ಗಾಬರಿಯೇ ಇರಲಿಲ್ಲ, ನನಗೆ ಹೆದರಿಕೆಯಾದದ್ದೇ ಅದಕ್ಕೆ. ಜೆ.ಪಿ. ನಗರದ ಆಸ್ಪತ್ರೆಗೆ ಹೋಗುವ ಆಟೋದಲ್ಲಿ ನನ್ನ ಹೆಗಲಿಗೆ ಒರಗಿ ಅದನ್ನೇ ಕೇಳುತ್ತಾ ಹೋದಳು. ಸಿಗ್ನಲ್ಲಿನಲ್ಲಿ ಆಟೋ ನಿಂತಾಗ ವಾಂತಿಯಾಯಿತು. ಆಮೇಲೆ ಪ್ರಶ್ನೆ ನಿಂತಿತು. ಅದು ನಿಂತದ್ದು ಇನ್ನೂ ಕೆಟ್ಟದೆಂದು ನನಗೆ ಗೊತ್ತಿತ್ತು.

ಮಿದುಳಿನ ಒಂದು ಬದಿಯಲ್ಲಿ ರಕ್ತ ಜಿನುಗಿತ್ತು. ಆಪರೇಷನ್ ಆಯಿತು, ಜೀವ ಉಳಿಯಿತು. ಕೊಪ್ಪಳದಿಂದ ಅವಳ ತಾಯಿ ಹುಲಿಗೆವ್ವ ಬಂದರು. ಮಗಳ ಬೋಳಿಸಿದ ತಲೆಯನ್ನು ಮುಟ್ಟಲೋ ಬೇಡವೋ ಎಂದು ಕೈಯನ್ನು ಗಾಳಿಯಲ್ಲೇ ಹಿಡಿದು ನಿಂತದ್ದನ್ನು ನಾನು ನೋಡಿದ್ದೇನೆ, ತಾವು ನೋಡಿಲ್ಲ. ಈಗ ಮಧುಮತಿ ಓಡಾಡುತ್ತಾಳೆ, ಮಾತಾಡುತ್ತಾಳೆ. ಆದರೆ ವಾಸನೆ ತಿಳಿಯುವುದಿಲ್ಲ. ಒಮ್ಮೆ ಒಲೆಯ ಮೇಲೆ ಶೇಂಗಾ ಸೀದು ಕರಕಲಾಗಿ ಮನೆಯೆಲ್ಲ ಕಮಟು ವಾಸನೆ ತುಂಬಿದರೂ ಅವಳು ಪಕ್ಕದಲ್ಲೇ ಕೂತು ತರಕಾರಿ ಹೆಚ್ಚುತ್ತಿದ್ದಳು. ಅಂದಿನಿಂದ ತಾಯಿ ಅವಳನ್ನು ಗ್ಯಾಸ್ ಹತ್ತಿರ ಒಂಟಿಯಾಗಿ ಬಿಡುವುದಿಲ್ಲ. ಗದ್ದಲ ತಡೆಯಲಾಗದೆ ಕೌಂಟರಿನ ಕೆಲಸ ಬಿಟ್ಟಳು. ನಗು ಕೂಡ ಬದಲಾಗಿದೆ, ಹೇಗೆ ಎಂದು ವಿವರಿಸಲಾರೆ. ಹುಲಿಗೆವ್ವ ನನ್ನನ್ನು ಬಾಗಿಲವರೆಗೆ ಬಿಡಲು ಬಂದವರು ಮೆಲ್ಲಗೆ ಹೇಳಿದರು:

“ಮಗಳು ಉಳದಾಳವ್ವ. ಆದ್ರ ಪೂರಾ ತಿರಿಗಿ ಬಂದಿಲ್ಲ.”

ಇನ್ನು ಆ ಹೆಲ್ಮೆಟ್ಟಿನ ವಿಷಯ. ಆಟೋ ಬರುವವರೆಗೆ ಅದು ನನ್ನ ಕೈಯಲ್ಲಿತ್ತು. ಒಳಗಿನ ಮೆತ್ತೆಯನ್ನು ಎತ್ತಿ ನೋಡಿದೆ. ಅದರ ಕೆಳಗಿರುವುದು ಥರ್ಮೋಕೋಲಿನಂಥ ಗಟ್ಟಿ ನೊರೆಯ ಪದರ, ಹೆಲ್ಮೆಟ್ಟಿನ ಜೀವವೆಲ್ಲ ಅದರಲ್ಲೇ. ತಲೆ ಕಲ್ಲಿಗೆ ಬಡಿದಾಗ ಆ ಪದರ ಜಜ್ಜಿಹೋಗಿ ಪೆಟ್ಟನ್ನು ತಾನು ನುಂಗುತ್ತದೆ. ಒಂದು ಸಲ ನುಂಗಿದ ಮೇಲೆ ಮುಗಿಯಿತು. ಮತ್ತೆ ಉಬ್ಬುವುದಿಲ್ಲ, ಕೂಡಿಕೊಳ್ಳುವುದಿಲ್ಲ. ಆ ಪದರದಲ್ಲಿ ನನಗೆ ಎರಡು ಬಿರುಕು ಕಂಡವು. ಒಂದು ಹಾಲಿನಂತೆ ಬೆಳ್ಳಗಿತ್ತು, ಅಂದಿನದು. ಇನ್ನೊಂದರೊಳಗೆ ಧೂಳು ಕೂತು ಕಂದಾಗಿತ್ತು, ಅಂಚಿನಲ್ಲಿ ಗೋಂದು ಒಣಗಿತ್ತು. ಅಂದರೆ ಮಧುಮತಿಗಿಂತ ಮುಂಚೆ ಯಾರೋ ಅದನ್ನು ಹಾಕಿಕೊಂಡು ಬಿದ್ದಿದ್ದರು. ಅವರ ತಲೆಯನ್ನು ಅದು ಕಾಪಾಡಿರಬೇಕು. ಆಮೇಲೆ ಯಾರೋ ಅದಕ್ಕೆ ಗೋಂದು ಹಚ್ಚಿ, ಬಣ್ಣ ಹೊಡೆದು, ಇವಳ ತಲೆಗೆ ಕಾದಿರಿಸಿದ್ದರು. ಫೋಟೋ ತೆಗೆದುಕೊಂಡೆ. ಹೆಲ್ಮೆಟ್ಟನ್ನು ಒಯ್ಯಲು ಮುನಿಯಣ್ಣ ಬಿಡಲಿಲ್ಲ. ಸರ್ಕಾರದ ವಸ್ತು ಮೇಡಂ, ನನ್ನ ತಲೆಗೆ ಬರುತ್ತೆ ಎಂದರು. ಹೌದು, ಅದೇ ಮಾತು ಆಡಿದರು.

ಮುಂದಿನ ವಾರ ತಮ್ಮ ಕಚೇರಿಗೆ ಬಂದೆ. ತಾವು ಸೌಜನ್ಯದಿಂದಲೇ ಮಾತಾಡಿದಿರಿ. ಒಳ್ಳೆಯ ಹೆಲ್ಮೆಟ್ ಇದ್ದಿದ್ದರೆ ಪೆಟ್ಟೇ ಆಗುತ್ತಿರಲಿಲ್ಲ ಎಂದು ಡಾಕ್ಟರು ಬರೆದುಕೊಡುತ್ತಾರೆಯೇ ಎಂದು ಕೇಳಿದಿರಿ. ಇಲ್ಲ, ಕೊಡುವುದಿಲ್ಲ. ಯಾವ ಡಾಕ್ಟರೂ ಅಷ್ಟು ಖಚಿತವಾಗಿ ಹೇಳಲಾರರು, ನಾನೂ ಹೇಳುವುದಿಲ್ಲ. ನಾನು ಹೇಳುವುದು ಇಷ್ಟೇ: ಅಂದು ಅವಳ ತಲೆಗೂ ಬಂಡೆಗೂ ನಡುವೆ ಏನೋ ಇದೆ ಎಂದು ನಾವು ನಂಬಿದ್ದೆವು, ಇರಲಿಲ್ಲ. ತಾವು ಮೂಲೆಯಲ್ಲಿದ್ದ ಮಾದರಿ ಹೆಲ್ಮೆಟ್ ತರಿಸಿ, ಸಂತೆಯಲ್ಲಿ ತೆಂಗಿನಕಾಯಿ ನೋಡುವವರ ಹಾಗೆ ಬೆರಳಿನಿಂದ ಬಡಿದು, ಗಟ್ಟಿಯಾಗೇ ಇದೆಯಲ್ಲ ಎಂದಿರಿ. ಒಂದು ಸಲ ಬಿದ್ದಿತೆಂದು ಬಿಸಾಡಿದರೆ ಲೆಕ್ಕಪರಿಶೋಧನೆಯವರು ಸುಮ್ಮನಿರುತ್ತಾರೆಯೇ, ಯಾವಾಗ ಬದಲಾಯಿಸಬೇಕೆಂದು ಯಾವ ಸುತ್ತೋಲೆಯಲ್ಲಿದೆ ಎಂದು ಕೇಳಿದಿರಿ. ಕೊನೆಗೆ ಒಂದು ಭರವಸೆಯನ್ನೂ ಕೊಟ್ಟಿರಿ.

“ಒಡೆದರೆ ಬದಲಾಯಿಸೇ ಬದಲಾಯಿಸ್ತೀವಿ ಮೇಡಂ.”

“ಯಾವುದು ಒಡೆದರೆ, ಸಾರ್?” ಎಂದೆ ನಾನು.

ಚಹಾ ಆರುತ್ತಿದೆ ಎಂದಿರಿ.

ಸುತ್ತೋಲೆಯಲ್ಲಿ ಇಲ್ಲದ್ದನ್ನು ಇಲ್ಲಿ ಬರೆಯುತ್ತೇನೆ, ಕತ್ತರಿಸಿ ಇಟ್ಟುಕೊಳ್ಳಿ. ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ಟನ್ನು, ಮೇಲೆ ಗೀರು ಕಾಣಲಿ ಬಿಡಲಿ, ಅಂದೇ ಬದಲಾಯಿಸಬೇಕು. ಬೀಳದೆ ಇದ್ದರೂ ಕೆಲವು ವರ್ಷಗಳಿಗೊಮ್ಮೆ ಬದಲಾಯಿಸಬೇಕು, ಏಕೆಂದರೆ ಬಿಸಿಲು, ಬೆವರು ಅದನ್ನು ಒಳಗಿಂದ ತಿನ್ನುತ್ತಿರುತ್ತವೆ. ಪಟ್ಟಿ ಸಡಿಲವಾಗಿದ್ದರೆ, ಕೊಂಡಿ ಕಚ್ಚಿಕೊಳ್ಳದಿದ್ದರೆ, ತಲೆ ಅಲ್ಲಾಡಿಸಿದಾಗ ಹೆಲ್ಮೆಟ್ ಬೇರೆ ದಿಕ್ಕಿಗೆ ಹೋದರೆ ಕೂಡ. ಕಂಡಕಂಡ ಬಣ್ಣ ಬಳಿಯಲೇಬಾರದು, ಅದಕ್ಕೆ ಬೆರೆಸುವ ಥಿನ್ನರ್ ಆ ನೊರೆಯನ್ನು ಕರಗಿಸಬಲ್ಲದು. ತಾವಾದರೋ ಏಪ್ರಿಲ್ ಬಿಸಿಲಿಗೆ ಕಾದು ಕೆಂಡವಾಗುವ ಶೆಡ್ಡಿನಲ್ಲಿ ಅವನ್ನು ವರ್ಷಗಟ್ಟಲೆ ತೂಗುಹಾಕಿ, ಹಬ್ಬಕ್ಕೆ ಮನೆಗೆ ಸುಣ್ಣ ಹೊಡೆಸಿದಂತೆ ಹೊಸ ಬಣ್ಣ ಹೊಡೆಸುತ್ತೀರಿ. ಒಂದನ್ನೂ ಬಿಡದೆ ಎಲ್ಲ ತಪ್ಪನ್ನೂ ಇಷ್ಟು ಶ್ರದ್ಧೆಯಿಂದ ಮಾಡಿದ ಕಚೇರಿ ಬೇರೆಲ್ಲಾದರೂ ಇದೆಯೇ?

ಹೋದ ತಿಂಗಳು ನಾನು ಮತ್ತೆ ಕ್ವಾರಿಗೆ ಹೋದೆ. ಮಧುಮತಿಯ ಹೆಲ್ಮೆಟ್ಟನ್ನು ಏನು ಮಾಡಿದ್ದಾರೆ ನೋಡಬೇಕಿತ್ತು. ಮುನಿಯಣ್ಣ ಬೇಡವೆನ್ನಲಿಲ್ಲ, ಮುಖ ಆಚೆ ತಿರುಗಿಸಿ ನಿಂತರು. ಗೂಟದಿಂದ ಒಂದೊಂದನ್ನೇ ಇಳಿಸಿ, ಮೆತ್ತೆ ಎತ್ತಿ, ಫೋನಿನ ಬೆಳಕು ಹಾಕಿ ನೋಡುತ್ತಾ ಹೋದೆ. ಬಲಭಾಗದಲ್ಲಿ ಬಿರುಕು ಬಿಟ್ಟು ಗೋಂದು ಮೆತ್ತಿಸಿಕೊಂಡದ್ದು ಒಂದು ಸಿಕ್ಕಿತು. ಇದೇ ಅಂದುಕೊಂಡೆ. ಅದರ ಪಕ್ಕದಲ್ಲೇ ಇನ್ನೊಂದು ಸಿಕ್ಕಿತು. ಆಚೆ ಸಾಲಿನಲ್ಲಿ ಮತ್ತೊಂದು. ಹಿಂಭಾಗ ಜಜ್ಜಿದ್ದು, ಹಣೆಯ ಕಡೆ ಸೀಳಿದ್ದು, ಮೆತ್ತೆಯ ಮೇಲೆ ಒಣಗಿದ ಕಂದು ಕಲೆಯಿದ್ದದ್ದು. ಫೋನಿನಲ್ಲಿದ್ದ ಫೋಟೋ ಪಕ್ಕಕ್ಕೆ ಹಿಡಿದು ಹೋಲಿಸಿದೆ. ಹೊಸ ಗೋಂದಿನ ಕೆಳಗೆ ಹಳೆಯ ಬಿರುಕು ಯಾವುದು, ಹೊಸದು ಯಾವುದು ತಿಳಿಯಲಿಲ್ಲ. ನನ್ನ ಗೆಳತಿಯ ತಲೆ ಒಡೆದ ಹೆಲ್ಮೆಟ್ ಯಾವುದೆಂದು ಗುರುತಿಸಲು ಕೊನೆಗೂ ನನ್ನಿಂದ ಆಗಲಿಲ್ಲ ಮಾನ್ಯರೇ. ಅಂಥವು ಅಷ್ಟೊಂದಿದ್ದವು. ಶೆಡ್ಡಿನೊಳಗೆ ಬಣ್ಣದ ವಾಸನೆ ಇನ್ನೂ ಹಸಿಯಾಗಿತ್ತು.

ಇದಾದ ಮೇಲೆ ನಮ್ಮ ಶಾಲೆಗೆ ತಮ್ಮ ಆಹ್ವಾನ ಬಂತು. ಸುತ್ತಮುತ್ತಲ ಶಾಲೆಗಳ ಮಕ್ಕಳಿಗೆ ಭಾನುವಾರ ಕ್ವಾರಿಯಲ್ಲಿ ಸೈಕಲ್ ಸ್ಪರ್ಧೆ, ಹೆಲ್ಮೆಟ್ ಇಲಾಖೆಯಿಂದಲೇ ಉಚಿತ, ಸ್ವಂತದ್ದನ್ನು ತರುವಂತಿಲ್ಲ. ನಮ್ಮ ಮಕ್ಕಳನ್ನು ಕಳಿಸುವುದಿಲ್ಲ ಎಂದೆ. ಶಿಸ್ತುಕ್ರಮದ ಮಾತು ನನ್ನ ಕಿವಿಗೂ ಬಿದ್ದಿದೆ. ಬೀಳಲಿ.

ಹೋದ ಭಾನುವಾರ ನಾನು ಗೇಟಿನ ಹೊರಗೆ ನಿಂತು, ಬಂದವರಿಗೆಲ್ಲ ಫೋಟೋ ತೋರಿಸಿದೆ. ಕೆಲವರು ಹಿಂದಿರುಗಿದರು. ಹೆಚ್ಚಿನವರು ಪಾಪ ಎಂದು ನೋಡಿ ಒಳಗೆ ಹೋದರು. ಒಬ್ಬ ತಂದೆ ಮಾತ್ರ ನಿಂತು ಪೂರ್ತಿ ಕೇಳಿಸಿಕೊಂಡರು. ಜೊತೆಯಲ್ಲಿ ಏಳೆಂಟು ವರ್ಷದ ಮಗಳು. ಹಿಂದಿರುಗೋಣವೆಂದು ಅವರು ಸೈಕಲ್ ತಿರುಗಿಸಿದರೆ ಅವಳು ಅತ್ತಳು. ಒಂದೇ ಸುತ್ತು ಎಂದು ಅವಳಿಗೆ ಮಾತು ಕೊಟ್ಟು, ನನ್ನ ಮುಖ ನೋಡದೆ ಒಳಗೆ ಹೋದರು. ನಾನು ಬೇಲಿಯ ಪಕ್ಕ ನಿಂತು ಬಂಡೆಯ ಮೇಲಿನ ಚಕ್ರಗಳ ಸದ್ದು ಕೇಳುತ್ತಾ ಕಾದೆ. ಒಮ್ಮೆ ಸದ್ದು ನಿಂತಿತು. ಬಹಳ ಹೊತ್ತು ನಿಂತಿತು ಅನ್ನಿಸಿತು. ಆಮೇಲೆ ಅವಳ ನಗು ಕೇಳಿಸಿತು.

ಬಿದ್ದಿದ್ದಳಂತೆ. ತಲೆ ಕಲ್ಲಿಗೆ ಟಣ್ಣಂತ ಹೊಡೀತು, ನೋವೇ ಆಗಲಿಲ್ಲ ಎಂದು ಹೆಮ್ಮೆಯಿಂದ ಹೇಳಿದಳು. ಕಣ್ಣು ನೋಡಿದೆ, ಹೆಸರು ಕೇಳಿದೆ, ಎಲ್ಲಿಗೆ ಬಂದಿದ್ದೀಯ ಪುಟ್ಟಿ ಎಂದೂ ಕೇಳಿದೆ. ಎಲ್ಲಕ್ಕೂ ಸರಿಯಾಗಿ ಉತ್ತರಿಸಿದಳು. ಆದರೂ ಒಮ್ಮೆ ಡಾಕ್ಟರಿಗೆ ತೋರಿಸಿ ಎಂದು ಕೈಮುಗಿದೆ, ತಂದೆ ತೋರಿಸಿದರು, ಮಗು ಚೆನ್ನಾಗಿದೆ. ಅವಳ ಪಾಲಿಗೆ ಬಂದದ್ದು ಗಟ್ಟಿ ಹೆಲ್ಮೆಟ್. ಆ ಪೆಟ್ಟನ್ನು ಅದು ನುಂಗಿತು, ಅಲ್ಲಿಗೆ ಅದರ ಆಯುಸ್ಸು ಮುಗಿಯಿತು. ಇದನ್ನು ಮುನಿಯಣ್ಣನವರಿಗೆ ಹೇಳಿ, ಅದನ್ನು ಬೇರೆ ಇಡಿ ಎಂದು ಬೇಡಿಕೊಂಡೆ. ಅವರು ಎರಡೂ ಕೈಯಲ್ಲಿ ಅದನ್ನು ತಿರುಗಿಸಿ ನೋಡಿದರು. ಮೇಲಿನಿಂದ ಆದೇಶವಿಲ್ಲ ಮೇಡಂ ಎಂದರು. ಒದ್ದೆ ಬಟ್ಟೆಯಿಂದ ಒರೆಸಿ ಮಕ್ಕಳ ಸಾಲಿನ ಗೂಟಕ್ಕೆ ತೂಗುಹಾಕಿದರು. ಈ ಸಾಲುಗಳನ್ನು ತಾವು ಓದುತ್ತಿರುವಾಗಲೂ ಅದು ಅಲ್ಲೇ ಇದೆ, ಮುಂದಿನ ಮಗುವಿಗಾಗಿ.

ನನ್ನ ಬೇಡಿಕೆ ಚಿಕ್ಕದು. ಭಾನುವಾರದ ಸ್ಪರ್ಧೆಯನ್ನು ನಿಲ್ಲಿಸಿ. ಶೆಡ್ಡಿನಲ್ಲಿರುವ ಎಲ್ಲ ಹೆಲ್ಮೆಟ್‌ಗಳನ್ನೂ ಇಳಿಸಿ ಜನರೆದುರು ಗರಗಸದಿಂದ ಎರಡು ಹೋಳು ಮಾಡಿಸಿ, ಯಾರೂ ಮತ್ತೆ ಗೋಂದು ಹಚ್ಚದ ಹಾಗೆ. ಸವಾರರು ತಮ್ಮ ಸ್ವಂತ ಹೆಲ್ಮೆಟ್ ತರಲು ಬಿಡಿ, ಬಣ್ಣ ಯಾವುದಾದರೂ ಇರಲಿ. ಬಿದ್ದ ಹೆಲ್ಮೆಟ್ಟನ್ನು ಅಂದೇ ಎತ್ತಿಡಬೇಕೆಂದು ಮುನಿಯಣ್ಣನವರಿಗೆ ಒಂದು ಸಾಲಿನ ಆದೇಶ ಕೊಡಿ. ಆ ಮನುಷ್ಯ ಅದಕ್ಕಾಗಿ ಕಾಯುತ್ತಿದ್ದಾರೆ.

ಆದೇಶ ಹೊರಡದಿದ್ದರೆ ಭಾನುವಾರ ಬೆಳಿಗ್ಗೆ ನಾನು ಗೇಟಿನಲ್ಲೇ ಇರುತ್ತೇನೆ. ಹುಲಿಗೆವ್ವ ಕೂಡ ಬರುತ್ತೇನೆ ಎಂದಿದ್ದಾರೆ. ಮಧುಮತಿ ಬರುವುದಿಲ್ಲ. ಕೇಳಿದಾಗ ಯಾವ ಕ್ವಾರಿ ಎಂದಳು.

ಇಂತಿ,
ಯಾರ ಹೆಸರನ್ನೂ ಮುಂದಿನ ಪತ್ರದಲ್ಲಿ ಬರೆಯುವಂತಾಗದಿರಲಿ ಎಂದು ಬಯಸುವ,
ಧೃತಿ
ದೈಹಿಕ ಶಿಕ್ಷಣ ಶಿಕ್ಷಕಿ, ತ್ಯಾಗರಾಜನಗರ
(ಈ ಪತ್ರ ಅಚ್ಚಾಗುವ ತನಕವಂತೂ)