ಕೂಸಿನ ಮಸುಕು ಫೋಟೋಗಳು

ಪುಣೆ ಕ್ಯಾಂಪ್
೨೮ ನವೆಂಬರ್ ೨೦೨೪

ಪ್ರೀತಿಯ ಮಗಳು ರಂಜನಾಗೆ,

ಅವ್ವನ ತುಂಬು ಆಶೀರ್ವಾದ. ನೀನೂ ಕೂಸೂ ಹುಷಾರಾಗಿದ್ದೀರಿ ಎಂದು ನಂಬಿದ್ದೇನೆ. ದಿನಾ ಫೋನಿನಲ್ಲಿ ಹರಟುವ ಅವ್ವ ಸೊಲ್ಲಾಪುರಕ್ಕೆ ಕಾಗದ ಬರೆಯುತ್ತಿದ್ದಾಳೆ, ತಲೆಗಿಲೆ ಕೆಟ್ಟಿತೇ ಎಂದು ನಗಬೇಡ. ನಮ್ಮದು ಎರಡು ಕೋಣೆಯ ಮನೆ, ಪಿಸುಗುಟ್ಟಿದರೂ ನಿಮ್ಮ ಅಪ್ಪನ ಕಿವಿಗೆ ಬೀಳುತ್ತದೆ. ಬರೆಯಬೇಕೆಂದು ಎಷ್ಟೋ ಸಲ ಕುಳಿತು ಹಾಗೇ ಎದ್ದಿದ್ದೇನೆ. ತಡವಾಯಿತು, ಸಿಟ್ಟಾಗಬೇಡ.

ನೀನು ಅವತ್ತು ಅಂದದ್ದು ನನ್ನ ಎದೆಯಲ್ಲಿ ಮುಳ್ಳಾಗಿ ಕುಳಿತಿದೆ. "ಅವ್ವಾ, ಎರಡನೇದೂ ಹೆಣ್ಣು ಅಂತ ಅಪ್ಪಗ ಸಮಾಧಾನ ಇಲ್ಲ. ದವಾಖಾನಿಗೆ ಬಂದವರು ಕೂಸಿನ್ನ ಒಮ್ಮೆನೂ ಎತ್ಕೊಳ್ಳಲಿಲ್ಲ. ಫೋಟೋ ತೆಗೀತೀನಿ ಅಂತ ದೂರನ ನಿಂತ್ರು. ಆ ಫೋಟೋನೂ ಒಂದೂ ನೆಟ್ಟಗಿಲ್ಲ," ಅಂದೆ. ದೊಡ್ಡ ಮೊಮ್ಮಗಳು ಹುಟ್ಟಿದಾಗ ಅವಳನ್ನು ನೆಲಕ್ಕೇ ಬಿಡದಿದ್ದ ಮನುಷ್ಯ ಇವರು. ನಿನಗೆ ಹಾಗನ್ನಿಸಿದ್ದರಲ್ಲಿ ತಪ್ಪಿಲ್ಲ.

ಆ ಫೋಟೋಗಳನ್ನು ನೋಡಿ ನಿಮ್ಮ ಅಪ್ಪ ನನ್ನ ಮೇಲೇ ಹಾರಿದರು. "ಖಂಡೇನವಮಿಗೆ ಕ್ಯಾಮೆರಾಕ್ಕ ಈಬತ್ತಿ ಬಡದಿ ನೋಡು, ಅದರದ್ದ ಫಲ ಇದು!" ಹೌದು, ವಿಭೂತಿ ಹಚ್ಚಿದ್ದೆ. ಈಳಿಗೆ, ಹೊಲಿಗೆ ಯಂತ್ರ, ಸ್ಕೂಟರು ಎಲ್ಲಕ್ಕೂ ಮೂರು ಬೆರಳು ಎಳೆದವಳು ಕ್ಯಾಮೆರಾವನ್ನು ಹೇಗೆ ಬಿಡಲಿ? ಮುಂದೆ ಚಾಚಿಕೊಂಡಿದ್ದ ಲೆನ್ಸಿನ ಕೊಳವೆಗೂ ಎಳೆದಿದ್ದೆ, ಅಷ್ಟೇ. "ಕುಣೀಲಾರದಾಕಿ ನೆಲ ಡೊಂಕು ಅಂದ್ಳಂತ" ಎಂದು ಛೇಡಿಸಿದೆ. ಯಾವಾಗಲೂ ತಿರುಗಿ ಒಂದು ಮಾತು ಒಗೆಯುವವರು ಅವತ್ತು ಎದ್ದು ಒಳಗೆ ಹೋಗಿಬಿಟ್ಟರು.

ಮುಂದಿನ ವಾರ ಲೆನ್ಸು ಅರ್ಧ ಹೊರಗೆ ಬಂದು ಸಿಕ್ಕಿಕೊಂಡಿತು. ಪರದೆಯ ಮೇಲೆ 'ಲೆನ್ಸ್ ಎರರ್'. ಬ್ಯಾಟರಿ ತೆಗೆದು ಹಾಕಿದೆ, ಚಾರ್ಜ್ ಮಾಡಿದೆ, ಜಪ್ಪಯ್ಯ ಅಂದರೂ ಅಲುಗಲಿಲ್ಲ. ಕೊನೆಗೆ ಚೀಲದಲ್ಲಿಟ್ಟುಕೊಂಡು ನಮ್ಮ ಬೀದಿಯಲ್ಲೇ ಕ್ಯಾಮೆರಾ ರಿಪೇರಿ ಮಾಡುವ ಲತೇಶನ ಅಂಗಡಿಗೆ ಹೋದೆ. ತುಮಕೂರಿನವನು. ನಾನು ಮರಾಠಿಯಲ್ಲಿ ಶುರು ಮಾಡಿದರೆ, "ಕನ್ನಡದಲ್ಲೇ ಹೇಳಿ ಆಂಟಿ" ಎಂದ. ಸಣ್ಣ ಕುಂಚದಿಂದ ಉಜ್ಜಿ ಗಾಳಿ ಊದಿದಾಗ ಬೆಳ್ಳಗೆ ಪುಡಿ ಉದುರಿತು. "ಮುಂದಿನ ವರ್ಷ ವಿಭೂತೀನ ಇದರ ಚೀಲಕ್ಕೆ ಹಚ್ಚಿ ಆಂಟಿ, ಲೆನ್ಸ್‌ಗೆ ಬೇಡ" ಎಂದು ನಕ್ಕ. ಲೆನ್ಸು ಸಲೀಸಾಗಿ ಒಳಗೆ ಹೋಗಿ ಹೊರಗೆ ಬಂತು.

"ಹಂಗಾದ್ರ ಫೋಟೋ ಮಸುಕಾಗಿದ್ದೂ ಇದರಿಂದನಾ?" ಎಂದು ಕೇಳಿದೆ. ಕೂಸಿನ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದ. "ಅಲ್ಲ ಆಂಟಿ. ಪುಡಿ ಕೂತಿದ್ರೆ ಮಂಜು ಮಂಜಾಗಿ ಬರುತ್ತೆ. ಫೋಕಸ್ ತಪ್ಪಿದ್ರೆ ಹಿಂದಿಂದೋ ಮುಂದಿಂದೋ ಏನಾದ್ರೂ ಒಂದು ಕ್ಲಿಯರ್ ಆಗಿರುತ್ತೆ. ಇಲ್ಲಿ ಮಗು, ಮಂಚ, ಗೋಡೆ ಎಲ್ಲಾ ಒಂದೇ ಕಡೆ ಎಳ್ಕೊಂಡಿದೆ. ಇದು ಕೈ ಅಲುಗಿರೋದು."

ಶಟರ್ ಎಂದರೆ ಕ್ಯಾಮೆರಾದೊಳಗೆ ಬೆಳಕು ಬಿಡುವ ಬಾಗಿಲು ಎಂದು ವಿವರಿಸಿದ. ಬೆಳಕು ಕಡಿಮೆಯಿದ್ದರೆ ಅದು ಹೆಚ್ಚು ಹೊತ್ತು ತೆರೆದಿರುತ್ತದೆ, ಅಷ್ಟು ಹೊತ್ತೂ ಕೈ ನಿಲ್ಲಬೇಕು. ಐಎಸ್‌ಒ ಎಂಬ ಅಂಕಿ ಏರಿಸಿದರೆ ಬಾಗಿಲು ಬೇಗ ಮುಚ್ಚುತ್ತದೆ, ಆದರೆ ಫೋಟೋದ ಮೇಲೆ ರವೆ ಚೆಲ್ಲಿದ ಹಾಗೆ ಕಾಣುತ್ತದೆ. ದವಾಖಾನೆಯಲ್ಲಿ ಬೆಳಕಿರಲಿಲ್ಲ, ಅದಕ್ಕೇ ಹೀಗಾಗಿದೆ ಎಂದು ವಾದಿಸಿದೆ. ಅವನು ಹಳೆಯವನ್ನೂ ತೆಗೆದು ತೋರಿಸಿದ. ನಮ್ಮ ಕಿಟಕಿಯ ಬಳಿ ಹೋದ ವರ್ಷ ತೆಗೆದವೆಲ್ಲ ನೆಟ್ಟಗಿದ್ದವು. ಅದೇ ಕಿಟಕಿ, ಅದೇ ಬೆಳಕು, ಈ ವರ್ಷದ್ದೆಲ್ಲ ಎಳೆದಂತಿದ್ದವು. ಎಲ್ಲವನ್ನೂ ತೆಗೆದವರು ನಿಮ್ಮ ಅಪ್ಪನೇ ಎಂದು ಅವನಿಗೆ ಹೇಳಿದೆ. ಆಮೇಲೆ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು, ಟೈಮರ್ ಹಾಕಿ ಕೈ ಬಿಟ್ಟ. ನನ್ನ ಮುಖದ ಸುಕ್ಕೆಲ್ಲ ಸ್ಪಷ್ಟವಾಗಿ ಬಂತು, ಹಾಳಾದ್ದು. "ಕ್ಯಾಮೆರಾ ಚೆನ್ನಾಗಿದೆ ಆಂಟಿ," ಎಂದವನು, ಅದನ್ನು ನನ್ನ ಕೈಗಿಟ್ಟು, "ಅಂಕಲ್‌ನ ಒಂದ್ಸಲ ಡಾಕ್ಟರ್‌ಗೆ ತೋರಿಸಿ" ಎಂದ.

ದಾರಿಯುದ್ದಕ್ಕೂ ನನಗೆ ಚಹಾದ್ದೇ ಯೋಚನೆ. ಕೆಲವು ತಿಂಗಳಿಂದ ಇವರು ಅರ್ಧ ಕಪ್ಪು ಸಾಕು ಎನ್ನುತ್ತಿದ್ದರು. ಸಕ್ಕರೆ ಕಾಯಿಲೆಯ ಹೆದರಿಕೆ ಇರಬೇಕು ಎಂದುಕೊಂಡಿದ್ದೆ. ತುಂಬಿದ ಕಪ್ಪು ತುಳುಕುತ್ತದೆ ಎಂದು ಹಾಗೆ ಮಾಡುತ್ತಿದ್ದರು ರಂಜಿ. ಮನೆಗೆ ಬಂದು, "ಕೈ ಯಾವಾಗಿಂದ ಹಿಂಗ ಆಗೇದ್ರಿ?" ಎಂದು ನೇರವಾಗಿ ಕೇಳಿದೆ. "ಯುಗಾದಿಯಿಂದ" ಎಂದು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡರು. ನನಗೆ ಅಳು ತಡೆಯಲಾಗಲಿಲ್ಲ.

ಸೋಮವಾರ ನರದ ಡಾಕ್ಟರಿಗೆ ತೋರಿಸುತ್ತೇವೆ. ಔಷಧದಿಂದ ಹತೋಟಿಗೆ ಬರಬಹುದು, ನೀನು ಬಾಣಂತಿ, ಅಳುತ್ತ ಕೂರಬೇಡ. ದೊಡ್ಡವಳಿಗೆ ಮುತ್ತು ಕೊಡು, ಅಳಿಯಂದಿರಿಗೆ ಕೇಳಿದೆನೆಂದು ಹೇಳು. ನಿನ್ನ ಇಬ್ಬರು ಮಕ್ಕಳೂ ನೂರು ಕಾಲ ಬಾಳಲಿ.

ನಿನ್ನ ಅವ್ವ,
ಶರಣಮ್ಮ

ತಾ.ಕ.: ಕೂಸಿನ ವಿಷಯವನ್ನೂ ಕೇಳಿದೆ. "ಎತ್ಕೊಳ್ಳಾಕ ಎರಡು ಸಲ ಕೈ ಚಾಚಿದ್ನಿ. ನಡಗಾಕತ್ತಿದ್ವು. ಕೆಡವಿದ್ರ ಏನ್ ಮಾಡ್ಲಿ? ಅದಕ ಕ್ಯಾಮೆರಾ ಹಿಡ್ಕೊಂಡ್ನಿ. ಕೈ ಖಾಲಿ ಇದ್ದಿದ್ರ ರಂಜಿ ಕೂಸಿನ್ನ ಕೊಟ್ಟುಬಿಡ್ತಿದ್ಲು" ಎಂದರು. ತೊಟ್ಟಿಲ ದಿನ ನಾವು ಬಂದಾಗ ಅವರನ್ನು ಏನೂ ಕೇಳಬೇಡ. ಗೋಡೆಗೆ ಒರಗಿ ಕುಳಿತಿರುವ ಹೊತ್ತು ನೋಡಿ ಕೂಸನ್ನು ಅವರ ಮಡಿಲಿಗೆ ಹಾಕು. ನಿನ್ನ ಒಂದು ಕೈ ಅವರ ಕೈ ಕೆಳಗೆ ಇರಲಿ, ಅವರಿಗೆ ಗೊತ್ತಾಗದ ಹಾಗೆ.